ಹೆಸರಿನ ಹಿಂದಿನ ಪದ

ಸೀಸ ಕಾಯಲು ಮುಕ್ಕಾಲು ಗಂಟೆ ಬೇಕಿತ್ತು.
ಅಷ್ಟರೊಳಗೆ ಮಿಸ್ ಅರ್ಡೀಲಿಯಾ ಟಾರ್ಪ್ಲಿ
ರೈಲುಹಳಿಯಾಚೆಯ ಬಿಳಿಯರ ದೈನಿಕವನ್ನು
ಕೆಂಪು ಪೆನ್ಸಿಲ್ ಹಿಡಿದು ಓದಿ ಮುಗಿಸುತ್ತಿದ್ದರು,
ದಡ್ಡನ ಕಾಪಿ ತಿದ್ದುವ ಹಾಗೆ.

ಅಲ್ಲಿ ಬಿಳಿಯ ಹೆಂಗಸು ಮಿಸೆಸ್.
ಮೇಯರರ ಬೇಟೆನಾಯಿ ಸತ್ತಾಗ
ಅದಕ್ಕೂ ಪೂರ್ತಿ ಹೆಸರು ಸಿಕ್ಕಿತ್ತು.
ನಮ್ಮವರು ಬರೀ ವರ್ನೀಸ್, ಬರೀ ಲೂಲಾ,
ಅರವತ್ತು ದಾಟಿದ್ದರೂ ಏಕವಚನ:
‘ನೀಗ್ರೊ ಹೆಂಗಸು ವರ್ನೀಸ್ ಹೇಳಿದಳು.’

ನಮ್ಮದು ವಾರಕ್ಕೊಮ್ಮೆ ಎಂಟು ಪುಟ.
ಕ್ಷೌರದಂಗಡಿಯ ಹಿಂದಿನ ಕೋಣೆ, ಒಂದು ಲೈನೋಟೈಪು,
ಮತ್ತು ನಾನು, ಕ್ಲಿಯೋಫಸ್ ಗ್ಯಾಂಟ್,
ಸುಟ್ಟೂ ಸುಟ್ಟೂ ಬೆರಳಿನ ಗೆರೆಯೇ ಅಳಿಸಿಹೋದವನು.
ಸೇರಿದ ದಿನವೇ ಹೇಳಿದರು:
“ಮಿಸೆಸ್ ಬಿಟ್ಟುಹೋದರೆ ಆ ಸಾಲು ಮತ್ತೆ ಎರಕ ಹೊಯ್ಯಬೇಕು.”
“ಜಾಗ ಸಾಲದಿದ್ದರೆ?”
“ಸುದ್ದಿ ಕಡಿಮೆ ಮಾಡೋಣ.”

ಐವತ್ತೇಳರ ಆಗಸ್ಟ್, ಮಿಸಿಸಿಪ್ಪಿಯ ಸೆಕೆ.
ಮಿಸೆಸ್ ವರ್ನೀಸ್ ಹಾಲೊವೇ ಅವರ ಮಗ
ಕೌಂಟಿ ಜೈಲಿನ ಕಿಟಕಿಗೆ
ಬೆಲ್ಟಿನಿಂದ ನೇಣು ಹಾಕಿಕೊಂಡ, ಎಂದರು ಷರೀಫ್ ಸಾಹೇಬರು.
ದೈನಿಕ ಅದನ್ನು ಅಚ್ಚು ಹಾಕಿತು, ಅಲ್ಪವಿರಾಮ ಸಹಿತ.
ಮಿಸ್ ಟಾರ್ಪ್ಲಿ ಏಪ್ರನ್ ಕಟ್ಟಿ, ನೆಲ ಒರೆಸುವ ಬಕೆಟ್ಟು ಹಿಡಿದು
ಜೈಲಿನೊಳಗೆ ನಡೆದೇಬಿಟ್ಟರು.
ಬಕೆಟ್ಟು ಹಿಡಿದವಳ ಮುಖ ಯಾರು ನೋಡುತ್ತಾರೆ?
ಜೇಬಿನಲ್ಲಿ ದರ್ಜಿಯ ಟೇಪು.

ಗುರುವಾರ ಮುಖಪುಟಕ್ಕೆ ಎರಡೇ ಸಾಲು:
ಕಿಟಕಿಯ ಕಂಬಿ ನೆಲದಿಂದ ನಾಲ್ಕಡಿ ಏಳಂಗುಲ.
ಹುಡುಗ ಆರಡಿ ಒಂದಂಗುಲ.
“ಇಷ್ಟೇನಾ?” ಎಂದೆ.
ಕೊಲೆ ಅನ್ನುವ ಪದ ಬೆರಳಲ್ಲಿ ಕುದಿಯುತ್ತಿತ್ತು.
“ಮಿಕ್ಕಿದ್ದು ಓದುಗರು ಕೂಡಿ ಕಳೆಯಲಿ.
ಅಳತೆಯ ಮೇಲೆ ಯಾರೂ ಮಾನನಷ್ಟ ಹೂಡಲಾರರು.”

ಹೂಡಲಿಲ್ಲ.
ಶನಿವಾರ ರಾತ್ರಿ ಬಂದರು.
ಶೀರ್ಷಿಕೆಯ ಮರದಚ್ಚುಗಳನ್ನೆಲ್ಲ ಚರಂಡಿಗೆ ಸುರಿದರು.
ಬೆಳಿಗ್ಗೆ ಚರ್ಚಿಗೆ ಹೊರಟವರು ಬಿಳಿ ಗ್ಲೋವ್ಸ್ ಕಳಚಿಟ್ಟು
ಕೆಸರಿನಲ್ಲಿ ಅಕ್ಷರ ಹೆಕ್ಕಿದರು.
ಓದು ಬಾರದ ಮಿಸೆಸ್ ಲೂಲಾ ಕ್ರಂಪ್ಟನ್
ಒಂದನ್ನು ತೊಳೆದು, ಬೆಳಕಿಗೆ ಹಿಡಿದು,
“ಇದು ಯಾವುದಪ್ಪ?” ಅಂದರು.
“ಎಂ, ತಾಯಿ. ತಲೆಕೆಳಗಾದರೆ ಡಬ್ಲ್ಯು.”
“ಹಾಗಾದರೆ ನೆಟ್ಟಗೆ ಇಡು.”
ಎಸ್ ಮೂರು ಸಿಗಲೇ ಇಲ್ಲ. ಕ್ರಿಸ್‌ಮಸ್‌ವರೆಗೆ
ಡಾಲರ್ ಚಿಹ್ನೆ ಹಾಕಿ ನಡೆಸಿದೆವು.

ಆಮೇಲೆ ದಿನಸಿಯವ, ಟೈರಿನವ, ಬ್ಯಾಂಕು,
ಜಾಹೀರಾತು ಒಂದೊಂದೇ ಉದುರಿತು.
ಉಳಿದದ್ದು ಶವಪೆಟ್ಟಿಗೆಯ ಅಂಗಡಿ.
ಹನ್ನೊಂದು ವರ್ಷ ನಮ್ಮ ಹೊಟ್ಟೆ ಹೊರೆದದ್ದು ಸಾವು.

ಎಪ್ಪತ್ತೊಂದರಲ್ಲಿ ಆ ದೈನಿಕವೇ ಅವರನ್ನು ಕರೆಯಿತು.
ಹೋದರು.
ನಾನು ಮೂರು ತಿಂಗಳು ಮಾತು ಬಿಟ್ಟೆ.
ಒಮ್ಮೆ ಬಸ್ ನಿಲ್ದಾಣದಲ್ಲಿ ಸಿಕ್ಕವರು
ಏನೂ ವಾದಿಸದೆ ಅಂದಿನ ಪತ್ರಿಕೆ ಬಿಡಿಸಿ,
ಮರಣವಾರ್ತೆಯ ಪುಟ ತೋರಿಸಿದರು.
ಮಿಸೆಸ್, ಮಿಸೆಸ್, ಮಿಸೆಸ್.
ಯಾರ ಬಣ್ಣ ಯಾವುದೆಂದು ಹುಡುಕಿ ಸೋತೆ.
ಕ್ಷಮೆ ಕೇಳುವಷ್ಟರಲ್ಲಿ ಬಸ್ಸು ಬಂತು.

ಕಳೆದ ಮಂಗಳವಾರ ಅವರೇ ಆ ಪುಟದಲ್ಲಿ.
ಮೊಮ್ಮಗಳು ಫೋನಿನಿಂದ ಕಾಗದಕ್ಕೆ ಇಳಿಸಿ ತಂದಳು.
‘ವಿವಾದಾಸ್ಪದ ಪತ್ರಕರ್ತೆ ಟಾರ್ಪ್ಲಿ ನಿಧನ.’
ಬರೀ ಟಾರ್ಪ್ಲಿ.
“ಈಗ ಎಲ್ಲರಿಗೂ ಹಾಗೇ, ತಾತ. ಗವರ್ನರಿಗೂ.”
ಇರಬಹುದು. ಅದೂ ಒಂದು ನ್ಯಾಯ,
ಅವರೇ ಇದ್ದಿದ್ದರೆ ಒಪ್ಪುತ್ತಿದ್ದರೋ ಏನೋ.

ಆದರೂ ಪೆನ್ಸಿಲ್ ಕೇಳಿದೆ.
ನಡುಗುವ ಕೈ, ಇಕ್ಕಟ್ಟಾದ ಸಾಲು;
ಇನ್ನೊಂದು ಪದಕ್ಕೆ ಜಾಗ ಸಾಲದು.
ವಿವಾದಾಸ್ಪದ ಅನ್ನುವುದನ್ನು ಹೊಡೆದುಹಾಕಿದೆ.
ಸುದ್ದಿ ಅಷ್ಟು ಕಡಿಮೆಯಾಯಿತು.
ಮಿಸ್ ಹಿಡಿಸಿತು.