ಇಪ್ಪತ್ತೆಂಟನೆಯ ದಿನ

ಹಾಸನದ ಕಾಲೇಜಿನ ಹಿಂದಣ ಶೆಡ್ಡಿನಲ್ಲಿ
ಸಾಲಾಗಿ ಕೂತಿವೆ ಗಾರೆಯ ಕ್ಯೂಬುಗಳು,
ಒಂದೊಂದರ ನೆತ್ತಿಗೂ ಸೀಮೆಸುಣ್ಣದ ತಾರೀಖು.
ಹನ್ನೊಂದನೆಯದರ ಮೇಲೆ ಯಾರೋ ಟೀ ಲೋಟ ಇಟ್ಟು
ಉಂಗುರ ಮೂಡಿಸಿದ್ದಾರೆ.
ಯಾರೋ ಏನು, ಸಣ್ಣೀರಯ್ಯನೇ.

‘ಇದ್ರೊಳಗೆ ಜೀವ ಐತಾ ಮೇಡಮ್ಮೋರೆ?’
ಇದೆ, ಅಂದೆ. ಹೆಸರು ಹೇಳಿದೆ. ಅವನ ಬಾಯಲ್ಲಿ
ಬ್ಯಾಸಿಲಸ್ಸು ಬಸಲಿಂಗನಾಯಿತು.
ಅಂದಿನಿಂದ ನನ್ನ ನೋಟುಪುಸ್ತಕದಲ್ಲೂ ಅದೇ:
ಬಸಲಿಂಗ, ಇಪ್ಪತ್ತಾರು ಡಿಗ್ರಿ, ನಿದ್ದೆ.

ನಿದ್ದೆಯೇ ಅವುಗಳ ಕಸುಬು.
ಚಿಪ್ಪು ಹೊದ್ದು ಮಲಗಿದರೆ
ಅನ್ನ ಬೇಡ, ನೀರು ಬೇಡ, ವರ್ಷಗಟ್ಟಲೆ.
ಗೋಡೆ ನೆಟ್ಟಗಿರುವ ತನಕ ಅವುಗಳ ಸುದ್ದಿಯಿಲ್ಲ.
ಬಿರುಕು ಬಿಡಬೇಕು, ಬಿರುಕಿಗೆ ನೀರಿಳಿಯಬೇಕು,
ಆಗ ಕಣ್ಣುಬಿಟ್ಟು
ಪಕ್ಕದಲ್ಲೇ ನಾವು ಕಟ್ಟಿಟ್ಟ ಬುತ್ತಿ ಬಿಚ್ಚಿ ಉಂಡು,
ಸುಣ್ಣ ಕಕ್ಕಿ,
ತಮ್ಮನ್ನು ಎಬ್ಬಿಸಿದ ಬಾಗಿಲನ್ನು ತಾವೇ ಮುಚ್ಚಿಕೊಂಡು
ಮತ್ತೆ ಮಲಗುತ್ತವೆ.
ಪೇಪರುಗಳು ಹಾಗೆನ್ನುತ್ತವೆ.
ಮೊದಲ ಸಲ ನನ್ನವು ಏಳಲೇ ಇಲ್ಲ.

ಎರಡನೆಯ ಸಲ ಬುತ್ತಿಗೆ ಬೆಲ್ಲ ಹಾಕಿದೆ,
ಅಗ್ಗವೆಂದು, ಮಂಗಳವಾರದ ಸಂತೆಯಿಂದ ತಂದು.
ಮೂರು ದಿನವಾದರೂ ಗಾರೆ ಬಿಗಿಯಲಿಲ್ಲ,
ಬೆರಳಿಟ್ಟರೆ ಹಲ್ವಕ್ಕಿಳಿದಂತೆ ಇಳಿಯಿತು.
ಸಣ್ಣೀರಯ್ಯ ನಗಲಿಲ್ಲ. ಕರಣೆಯ ಬೆನ್ನಿನಿಂದ ತಟ್ಟಿ ನೋಡಿದ:
‘ಬೆಲ್ಲ ಕಂಡ್ರೆ ಸಿಮೆಂಟು ಮುನಿಸ್ಕೊಳ್ತದೆ.
ಸುಣ್ಣಕ್ಕಾದ್ರೆ ಆಯ್ತದೆ.
ನಮ್ಮಪ್ಪ ಅಳಲೆಕಾಯಿ ನೀರಿಗೆ ಬೆಲ್ಲ ಕದಡಿ
ಹುಳಿ ಬರೋಗಂಟ ಬಿಟ್ಟು, ಆಮೇಲೆ ಗಾರೆ ಅರೆಸೋನು.
ಗಾಣದ ಎತ್ತು ನೆಕ್ಕದ ಹಂಗೆ
ಬಾಯಿಕುಕ್ಕೆ ಹಾಕ್ಬೇಕಿತ್ತು.’

ಗಾರೆಗೆ ಜೀವ ಬೆರೆಸುವ ಹೊಸ ಪ್ರಯತ್ನ
ಎಂದಿತ್ತು ನನ್ನ ಅರ್ಜಿಯ ಮೊದಲ ಸಾಲು.
‘ಹೊಸ’ವನ್ನು ಪೆನ್ಸಿಲ್ಲಿನಲ್ಲಿ ಹೊಡೆದೆ.
ರಬ್ಬರಿನಿಂದ ಅಳಿಸಿ ಮತ್ತೆ ಉಳಿಸಿದೆ.
ಹಣ ಬಂದದ್ದು ಆ ಎರಡಕ್ಷರಕ್ಕೆ.

ಭಾನುವಾರ ದುದ್ದದ ದಾರಿಯಲ್ಲಿ
ಅವನ ಸ್ಕೂಟರಿನ ಹಿಂದೆ ಕೂತು ಹೋದೆ.
ಅವರಪ್ಪನ ಸುಣ್ಣದ ಗೂಡು: ಮೊಳಕಾಲೆತ್ತರದ ಇಟ್ಟಿಗೆ ಸುತ್ತು,
ಒಳಗೆ ಬೂದಿ ಬಣ್ಣದ ನೆಲ, ಅಂಚಿನಲ್ಲಿ ಎಕ್ಕದ ಗಿಡ ನಿಂತು
ಒಳಗೆ ಕಾಲಿಟ್ಟಿಲ್ಲ.
‘ಇಲ್ಲಿ ಏನೂ ಬದುಕಾಕಿಲ್ಲ’ ಅಂದ.
ಅದಕ್ಕೇ ಬಂದದ್ದು, ಅಂದೆ.
ನೋಡಿದರೆ ಶೀಷೆ ತರುವುದೇ ಮರೆತಿದ್ದೆ.
ಎಲೆಯಡಿಕೆ ಚೀಲದಿಂದ ಸುಣ್ಣದ ಡಬ್ಬಿ ತೆಗೆದು,
ಟೀ ಅಂಗಡಿಯ ಕುದಿನೀರಲ್ಲಿ ಮೂರು ಸಲ ಜಾಲಿಸಿ ಕೊಟ್ಟ.
ಯಾವ ನಿಯಮವೂ ಒಪ್ಪದ ಡಬ್ಬಿ.
ಒಂದು ಚಮಚ ಮಣ್ಣು ಹಿಡಿಯಿತು.

ಅದರಲ್ಲಿ ಇದ್ದವು.
ಅಷ್ಟು ಬೆಂಕಿ ಉಂಡ ನೆಲದಲ್ಲಿ, ಅಷ್ಟು ಕಾರದಲ್ಲಿ,
ಚಿಪ್ಪು ಹೊದ್ದು, ಯಾರೂ ಕರೆಯದೆ.

ಇಂದು ಇಪ್ಪತ್ತೆಂಟನೆಯ ದಿನ.
‘ಕಟ್ಟೋನು ಒಡೀಬಾರ್ದು’ ಎಂದು ಅವನು ಬಾಗಿಲಿಗೆ ಮುಖಮಾಡಿ ನಿಂತ.
ನಾನೇ ಯಂತ್ರದ ಹಿಡಿ ತಿರುಗಿಸಿದೆ.
ಟಕ್. ಕೂದಲೆಳೆಯ ಬಿರುಕು. ಇನ್ನೊಂದು. ಇನ್ನೊಂದು.
ನೀರು ತೋರಿಸಿದೆವು. ಮತ್ತೆ ಇಪ್ಪತ್ತೆಂಟು ದಿನ ಎಣಿಸಿದೆವು.

ಕಾಯುವಾಗ ಅವನು ಸೂಕ್ಷ್ಮದರ್ಶಕದ ಕೆಳಗೆ
ಹೆಬ್ಬೆರಳಿಟ್ಟು ಇಣುಕಿದ.
ನಲವತ್ತು ವರ್ಷ ಸಿಮೆಂಟು ಕಲಸಿದ ಬೆರಳು,
ಸೀಳಿನ ಮೇಲೆ ಸೀಳು, ನಡುವೆ ಹರಳೆಣ್ಣೆಯ ಹೊಳಪು.
‘ಬಸಲಿಂಗನ್ನ ಇಲ್ಲಿಗೂ ಬಿಡ್ತೀರಾ?’
ಇಲ್ಲಿ ಬೇರೆಯವರಿದ್ದಾರೆ, ಅಂದೆ,
ರಾತ್ರಿಯಿಡೀ ಹೊಲಿಯುತ್ತಾರೆ, ನೀನೇ ಬೆಳಗ್ಗೆ ಬಿಚ್ಚುತ್ತೀ.

ಏಳನೆಯದು ತೆರೆದೇ ಇದೆ.
ಒಂಬತ್ತು ಅರ್ಧ ಕೂಡಿ ಬೇಸತ್ತಂತಿದೆ.
ಹನ್ನೊಂದರಲ್ಲಿ, ಟೀ ಉಂಗುರದ ನಡುವೆಯೇ ಹಾದು,
ಬಿಳಿ ಗೆರೆಯೊಂದು ಬಿರುಕನ್ನು ತುದಿಯಿಂದ ತುದಿಗೆ ತುಂಬಿದೆ.
ಉಗುರಿನಿಂದ ಕೆರೆದೆ. ಬರಲಿಲ್ಲ.

ವರದಿಯ ಪಟ್ಟಿಯಲ್ಲಿ
ತಾಪಕ್ಕೆ ಒಂದು ಕಾಲಮ್ಮಿದೆ, ತೇವಕ್ಕೆ ಒಂದು.
ಟೀಗೆ ಇಲ್ಲ.
ನಾನು ಪೆನ್ನು ಹಿಡಿದು ಕೂತಿದ್ದಾಗ
ಅವನು ಒಳಗೆ ಬಂದು, ಕೇಳದೆ,
ಹನ್ನೆರಡನೆಯದರ ಮೇಲೆ ಲೋಟ ಇಟ್ಟ.