ಬರೇರು ಕಡವು

ಐದೂ ಮುಕ್ಕಾಲರ ಫೆರಿ. ಗೇಟಿನಲ್ಲಿ ನಾನು.
ಮುದುಕ ಅದಲೀನು ಹೊಸ ಕಾರ್ಡನ್ನು
ಬಿಸಿ ಹಂಚಿನಂತೆ ಎರಡೇ ಬೆರಳಲ್ಲಿ ಹಿಡಿದು ಬರುತ್ತಾನೆ.
ತಾಗಿಸಿದರೆ ಹಸಿರು ದೀಪ.
ಫೋಟೋದ ಕೆಳಗೆ ಅಚ್ಚು: ಮಾಜಿ ಯೋಧ.
ಐವತ್ತು ವರ್ಷದ ಮೇಲೆ ಬಂದ ಕಾರ್ಡು;
ಅವನ ತುಕಡಿಯ ಮೂವರು ಕಾದೂ ಕಾದೂ ಮಣ್ಣಿಗೆ ಹೋದರು.

ಆಚೆ ದಡದಲ್ಲಿ ಇಳಿದು, ಒಂದು ಕಾಫಿಯನ್ನೂ ಕುಡಿಯದೆ
ಮುಂದಿನದರಲ್ಲೇ ವಾಪಸು. ದಿನಾ.
"ಏನು ಕೆಲಸ ಅಲ್ಲಿ, ಅಜ್ಜ?"
"ಏನೂ ಇಲ್ಲ. ಅರವತ್ತೆಂಟರಲ್ಲೂ ಟಿಕೆಟ್ಟು ಕೇಳಲಿಲ್ಲ,
ಇದೇ ನೀರಿನಲ್ಲಿ ಹಡಗು ಹತ್ತಿಸಿದರು, ಗಿನಿಗೆ.
ವಾಪಸು ಬರುವುದಕ್ಕೆ ಮಾತ್ರ ಖಾತ್ರಿ ಇರಲಿಲ್ಲ.
ಈಗ ಇದೆ. ಅದನ್ನೇ ನೋಡಿಕೊಂಡು ಬರುತ್ತೇನೆ."

ಇವತ್ತು ಅವನ ಹಿಂದೆ ದೊಮಿಂಗಶ್,
ಬ್ಯಾಂಕು ತೆರೆಯುವ ಮೊದಲು ಅದರ ನೆಲ ಒರೆಸುವವಳು.
ಊರು ಕಶೆವು ಹೊಳೆಯ ದಂಡೆ.
ಅವಳಪ್ಪನೂ ಆ ಯುದ್ಧದಲ್ಲಿದ್ದನಂತೆ;
ಯಾವ ಕಡೆ ಅಂತ ನಾನು ಕೇಳಿಲ್ಲ,
ಅವಳು ಹೇಳಿಲ್ಲ.
ಕಾರ್ಡಿನಲ್ಲಿ ದುಡ್ಡು ಮುಗಿದಿದೆ. ಕೆಂಪು ದೀಪ.

ಅದಲೀನು ತಿರುಗಿ ತನ್ನ ಕಾರ್ಡು ಚಾಚಿದ.
"ಒಬ್ಬರಿಗೆ ಮಾತ್ರ," ಅಂದೆ,
ನನ್ನ ಬಾಯಲ್ಲಿ ಕಾಯಿದೆ ಮಾತಾಡಿತು.
ಜೇಬು ತಡಕಿದ. ಅಂಗೈಯಲ್ಲಿ ಚಿಲ್ಲರೆ.
"ಬೇಡ," ಅಂದಳು, ಒರಟಾಗೇನಲ್ಲ,
ದುಡ್ಡು ತುಂಬಿಸುವ ಯಂತ್ರದ ಕಡೆ ಓಡಿದಳು.

ಫೆರಿ ಕೂಗಿತು, ಹೋಯಿತು.
ಅವನು ಹತ್ತಬಹುದಿತ್ತು. ಹತ್ತಲಿಲ್ಲ.

ಮುಂದಿನದಕ್ಕೆ ಇನ್ನೂ ಇಪ್ಪತ್ತು ನಿಮಿಷ.
ಬೆಂಚಿನ ಆ ತುದಿಗೆ ಅವಳು, ಈ ತುದಿಗೆ ಅವನು,
ನಡುವೆ ಅವಳ ಬುತ್ತಿಚೀಲ,
ಮತ್ತೆ, ಇನ್ನೂ ಮುಚ್ಚದ ಅವನ ಅಂಗೈ.