ಕೇಳಿ

ಇಲ್ಲಿ ಮಕ್ಕಳು ನನ್ನನ್ನು ಕರೆಯುವುದು ಬಾಯಿ ಎಂದು.
ಮರಾಠಿಯಲ್ಲಿ ಅದು ಶಿಕ್ಷಕಿ.
ಚಡಚಣದ ತವರು ಬಿಟ್ಟು ಬಂದ ಮೊದಲ ವರ್ಷ
ಕರೆದಾಗೆಲ್ಲ ತುಟಿ ಒರೆಸಿಕೊಳ್ಳುತ್ತಿದ್ದೆ.

ಸಂಖ ದಾಟಿ, ದ್ರಾಕ್ಷಿ ಒಣಗಿಸುವ ಶೆಡ್ಡುಗಳ ಹಿಂದೆ
ಜಿಲ್ಲಾ ಪರಿಷತ್ತಿನ ಕನ್ನಡ ಶಾಳೆ.
ಖೋಲಿ ಎರಡು, ವರ್ಗ ನಾಲ್ಕು, ಹಾಜರಿಯಲ್ಲಿ ನಲವತ್ತೊಂದು.
ಮಾಳಿಗೆ ಸೋರುತ್ತದೆಂದು ಅರ್ಜಿ ಬರೆದಿದ್ದೆ.
ಸಾಂಗ್ಲಿಯಿಂದ ಮರಾಠಿಯಲ್ಲಿ ಉತ್ತರ: ನಿಧಿಯಲ್ಲಿ ತೂಟ.
ತೂಟ ಅಂದರೆ ಕೊರತೆ.
ಇಲಾಹಿ ಅಕ್ಷರ ಕೂಡಿಸಿ ಕೂಡಿಸಿ ಓದಿ, ತೂತು ಅಂದ.
ತಿದ್ದಲಿಲ್ಲ ನಾನು.

ಜುಲೈಗೆ ಇನ್ನೊಂದು ಸುತ್ತೋಲೆ.
ಬುಧವಾರದ ಊಟದ ಜೊತೆ ಮಕ್ಕಳಿಗೆ ಕೇಳಿ.
ಬಾಳೆಹಣ್ಣು ಅದು, ಮರಾಠಿಯ ಕೇಳಿ.
ಮೂರು ಬುಧವಾರ ಬಂತು, ನಾಲ್ಕನೆಯದಕ್ಕೆ ಬರಲಿಲ್ಲ,
ಗೋಡೆಗೆ ಅಂಟಿಸಿದ ಕಾಗದವಷ್ಟೇ ಉಳಿಯಿತು.
ನಾಲ್ಕನೇ ವರ್ಗದ ಮಾಯಕ್ಕ ದಿನಾ ಅದರ ಮುಂದೆ ನಿಂತು,
"ಸರಕಾರನ ಹೇಳೇತಲ್ರೀ ಬಾಯಿ, ಕೇಳಿ ಅಂತ.
ಕೇಳ್ತೀನಿ ತಡೀರಿ."

ಅವಳು ಕೇಳಿದ್ದು ಶೇಂಗಾ ಪೊಟ್ಟಣದ ದಿನ.
ಜಕ್ಕವ್ವ, ನಮ್ಮ ಅಡುಗೆಯಾಕೆ,
ನಾಲ್ಕು ತಿಂಗಳಿಂದ ಮಾನಧನ ಬಂದಿಲ್ಲ,
ಆದರೂ ಹತ್ತಕ್ಕೆ ಒಲೆ ಹೊತ್ತಿಸುವವಳು,
ಹುರಿದ ಶೇಂಗಾ ತಂದಳು ಹಳೆಯ ಪೇಪರಿನಲ್ಲಿ.
ತಿಂದು ಬಿಡಿಸಿದರೆ ಒಂದು ದುಂಡು ಚಿತ್ರ,
ರೊಟ್ಟಿ ಹರಿದಿಟ್ಟ ಹಾಗೆ:
ಶಿಕ್ಷಣದ ದುಡ್ಡು, ಯಾರಿಗೆ ಎಷ್ಟು ಪಾಲು.
ಹೆಸರು ಉಳಿದಿದ್ದವು. ಅಂಕಿಗಳನ್ನೆಲ್ಲ ಎಣ್ಣೆ ಕುಡಿದು
ಹಿಂದಿನ ಪುಟದ ಟ್ರ್ಯಾಕ್ಟರ್ ಕಾಣುತ್ತಿತ್ತು.

ಅವತ್ತು ಪಾಠ ಭಿನ್ನರಾಶಿ.
ಚಿತ್ರ ಕತ್ತರಿಸಿ ಮಡಚಿದೆವು.
ಅರ್ಧ. ಅರ್ಧದ ಅರ್ಧ.
ನಮ್ಮದು ಕಿರುಬೆರಳಿನಷ್ಟು ಚೂರು ಬರುತ್ತದೆ,
ಮಕ್ಕಳ ಮೋರೆ ಬಾಡುತ್ತದೆ, ನಾನೊಂದು ಸಿಟ್ಟಿನ ಮಾತು ಆಡುತ್ತೇನೆ.
ಮಾತು ತಯಾರಿತ್ತು ಕೂಡ.
ಆದರೆ ಪ್ರಾಥಮಿಕದ ತುಂಡೇ ಎಲ್ಲಕ್ಕಿಂತ ದೊಡ್ಡದು,
ಅರ್ಧಕ್ಕೆ ಒಂದೇ ಬೆರಳು ಕಡಿಮೆ.

ಇಲಾಹಿ ಚಪ್ಪಾಳೆ ತಟ್ಟಿದ.
ಮಾಳಿಗೆಯ ತೂತಿನಿಂದ ರೂಪಾಯಿಯಗಲ ಬಿಸಿಲು
ಹಾಜರಿ ಪುಸ್ತಕದ ಮೇಲೆ ಬಿದ್ದಿತ್ತು.

ಮಾಯಕ್ಕ ತಟ್ಟಲಿಲ್ಲ.
ಅವಳ ಮನೆಯಲ್ಲಿ ಒಂಬತ್ತು ಮಂದಿ,
ದೊಡ್ಡ ರೊಟ್ಟಿ ಅವಳಿಗೆ ಗೊತ್ತು.
"ತುಂಡು ದೊಡ್ಡದು ಖರೆ, ಬಾಯಿ.
ಬಾಯಿ ಎಷ್ಟು?"

ಮೊದಲ ಬಾಯಿ ನಾನು. ಎರಡನೆಯದು ನಾನಲ್ಲ.

ಎಣಿಸಿದೆವು. ಕಾಲೇಜಿಗೆ ನಮ್ಮೂರಿಂದ ಗುರಬಸುವಿನ ಮಗ, ಒಬ್ಬ.
ಹೈಸ್ಕೂಲಿಗೆ ಬಸ್ಸು ಕಾಯುವವರು ಹನ್ನೊಂದು.
ಇಲ್ಲಿ ನಾವು.
ಜಕ್ಕವ್ವನ್ನೂ ಹಿಡೀರಿ, ಎಂದರು ಯಾರೋ.
ತಲೆಗೊಂದು ಶೇಂಗಾ ಸಿಪ್ಪೆ ಇಟ್ಟೆವು.
ಕಾಲೇಜಿನ ತುಂಡಿನ ಮೇಲೆ ಒಂದೇ ಸಿಪ್ಪೆ,
ಕಾಲು ಚಾಚಿ ಮಲಗುವಷ್ಟು ಜಾಗ.
ನಮ್ಮದರಲ್ಲಿ ಸಿಪ್ಪೆಯ ಮೇಲೆ ಸಿಪ್ಪೆ,
ಗಾಳಿ ಬೀಸಿದಾಗ ಮೊದಲು ಹಾರಿದ್ದೂ ಅವೇ.

ಗುರಬಸುವಿನ ಮಗನ ಪಾಲು ಕಸಿಯಬೇಕೆಂದು ಯಾರೂ ಅನ್ನಲಿಲ್ಲ.
ಸೂಟಿಗೆ ಬಂದರೆ ಇದೇ ಕಟ್ಟೆಯ ಮೇಲೆ ಕೂತು
ಮಾಯಕ್ಕನಿಗೆ ಗುಣಾಕಾರ ಹೇಳಿಕೊಡುವ ಹುಡುಗ.
"ರೊಟ್ಟೀನ ದೊಡ್ಡದು ಬಡೀಬೇಕ್ರೀ," ಅಂದ ಇಲಾಹಿ,
"ಹಿಟ್ಟು ಎಲ್ಲೈತಿ?"
ಪುಸ್ತಕದ ಕೊನೆಯ ಉತ್ತರಗಳಲ್ಲಿ ಹುಡುಕಿದೆ.
ಸುಮ್ಮನೆ, ಮಕ್ಕಳು ನೋಡಲಿ ಎಂದು.

ಮಾರ್ಚ್ ಇಪ್ಪತ್ತೊಂಬತ್ತಕ್ಕೆ ಫೋನು ಬಂತು:
ಅನುದಾನ ಬಂದಿದೆ ಬಾಯಿ, ಮೂವತ್ತೊಂದರೊಳಗೆ ಖರ್ಚು ಹಾಕಿ,
ಇಲ್ಲವಾದರೆ ವಾಪಸ್.
ಎರಡು ದಿನ. ಗೌಂಡಿ ಭಾವನ ಮದುವೆಗೆ ಹೋಗಿದ್ದ.
ಸುಣ್ಣ ತಂದೆ, ಖಡುವಿನ ಡಬ್ಬಿ, ಒಂದು ಗಂಟೆ,
ಮತ್ತು ಐದು ಡಜನ್ ಬಾಳೆಹಣ್ಣು.

ಖರ್ಚಿನ ಪ್ರಮಾಣಪತ್ರದ ಕೊನೆಯ ಸಾಲನ್ನು
ಕನ್ನಡ ಅಕ್ಷರದಲ್ಲೇ ಬರೆದೆ: ಕೇಳಿ.
ಓದುವವರು ಯಾವ ಭಾಷೆಯಲ್ಲಾದರೂ ಓದಿಕೊಳ್ಳಲಿ.
ಆಕ್ಷೇಪಣೆ ಬಂದರೆ ಜೂನಿಗೆ ನೋಡಿದರಾಯಿತು.
ಮಾಯಕ್ಕ ಎರಡು ತಿಂದಳು.